ಟ್ಯಾಂಕ್ ಕಾಲುಭಾಗಕ್ಕೆ ಇಳಿದ್ರೆ ಹಳೇ ಲಾರಿ ದಾರೀಲೇ ಆಫ್ ಆಗ್ತಿದೆ

ಯಶವಂತಪುರ_ಲೋಡ್
2003ರ ಮಾಡೆಲ್, 4 ಸಿಲಿಂಡರ್ ಡೀಸೆಲ್, ಇನ್‌ಲೈನ್ ಪಂಪ್ (ಇಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ಕೊಡೋ ಇಂಜೆಕ್ಷನ್ ಪಂಪ್), 12 ವೋಲ್ಟ್. ಎಪಿಎಂಸಿ ಯಾರ್ಡಿಂದ ಲೋಡ್ ಹಾಕ್ಕೊಂಡು ಹೊರಟ್ರೆ ನೆಲಮಂಗಲದವರೆಗೂ ಏನೂ ತೊಂದರೆ ಇಲ್ಲ. ಆಮೇಲೆ ಏರು ಸಿಕ್ಕಾಗ ಪಿಕಪ್ ಬೀಳುತ್ತೆ, ಒಂದೆರಡು ಸಲ ಜಗ್ಗಿ ಆಫ್. ಸ್ವಲ್ಪ ಹೊತ್ತು ಬಿಟ್ಟು ಕೈಪಂಪ್ (ಕೈಯಿಂದ ಡೀಸೆಲ್ ಎಳೆಯೋದು) ಹೊಡೆದ್ರೆ ಸ್ಟಾರ್ಟ್ ಆಗುತ್ತೆ. ಟ್ಯಾಂಕ್ ಅರ್ಧಕ್ಕಿಂತ ಮೇಲಿದ್ರೆ ಈ ಕಾಟ ಇಲ್ಲ. ಡೀಸೆಲ್ ಫಿಲ್ಟರ್ ಎರಡೂ ಹೊಸದು. ಪಂಪ್ ಬಿಚ್ಚಿ ಟೆಸ್ಟ್ ಬೆಂಚಿಗೆ (ಪಂಪ್ ಪರೀಕ್ಷೆ ಮಾಡೋ ಮೆಷಿನ್) ಹಾಕಿಸಿ ಅಂತಿದ್ದಾರೆ. ಅದಕ್ಕೆ ಮೊದಲು ಏನು ನೋಡ್ಬೇಕು?

ಪಂಪ್_ಬೆಂಚ್
ಪಂಪ್ ಮುಟ್ಟಬೇಡಿ ಸರ್. ಪಂಪ್ ಎಲಿಮೆಂಟ್ (ಒಳಗೆ ಡೀಸೆಲ್ ಒತ್ತೋ ಭಾಗ) ಸವೆದಿದ್ರೆ ಬಿಸಿಯಾದ ಮೇಲೆ ಸ್ಟಾರ್ಟಿಂಗ್ ತೊಂದರೆ ಕೊಡುತ್ತೆ. ಟ್ಯಾಂಕಲ್ಲಿ ಎಷ್ಟು ಡೀಸೆಲ್ ಇದೆ ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ. ಜಗ್ಗಿ ಜಗ್ಗಿ ನಿಲ್ತಿದೆ ಅಂದ್ರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾ ಏರ್ ಎಳೀತಿದೆ.

ಮುಂದಿನ ಸಲ ಆಫ್ ಆದ ತಕ್ಷಣ ಕೈಪಂಪ್ ಹೊಡೀಬೇಡಿ. ಮೊದಲು ಟ್ಯಾಂಕ್ ಮುಚ್ಚಳ ತೆಗೀರಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಅಲ್ಲಿಗೇ ಮುಗೀತು. ಇಲ್ಲಾಂದ್ರೆ ಫಿಲ್ಟರ್ ಮೇಲಿನ ಏರ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡೋ ಸ್ಕ್ರೂ) ಸಡಿಲ ಮಾಡಿ ಕೈಪಂಪ್ ಹೊಡೀರಿ. ನೊರೆ ನೊರೆಯಾಗಿ ಬಂದ್ರೆ ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ದಾರೀಲಿ ಏರ್ (ಫೀಡ್ ಪಂಪ್ ಅಂದ್ರೆ ಟ್ಯಾಂಕಿಂದ ಡೀಸೆಲ್ ಎಳೆದು ಫಿಲ್ಟರ್‌ಗೆ ತಳ್ಳೋ ಚಿಕ್ಕ ಪಂಪ್). ಹಿಡಿಕೆ ಮೇಲೆತ್ತುವಾಗಲೇ ಬಿಗಿಯಾಗಿದ್ರೆ ಬ್ಲಾಕ್: ಫೀಡ್ ಪಂಪ್ ಜಾಲರಿ, ಟ್ಯಾಂಕ್ ಒಳಗಿನ ಜಾಲರಿ, ಅಥವಾ ಒಳಪದರ ಬಿಟ್ಟುಕೊಂಡ ರಬ್ಬರ್ ಹೋಸ್. ಆ ಹೋಸ್ ಹೊರಗಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ, ಮೋಸ ಹೋಗ್ಬೇಡಿ. ಮೊದಲ ಹೊಡೆತಕ್ಕೇ ಶುದ್ಧ ಡೀಸೆಲ್ ಚಿಮ್ಮಿದ್ರೆ ಮಾತ್ರ ಫಿಲ್ಟರಿಂದ ಮುಂದಿನ ಭಾಗದ ಮೇಲೆ ಅನುಮಾನ.

ಫೀಡ್ ಪಂಪ್‌ಗಿಂತ ಹಿಂದೆ, ಅಂದ್ರೆ ಟ್ಯಾಂಕ್ ಕಡೆ, ಇರೋದು ಎಳೆತ. ಅಲ್ಲಿ ಸಂದು ಇದ್ರೆ ಓಡುವಾಗ ಗಾಳಿ ಒಳಗೆ ಹೋಗುತ್ತೆ, ಡೀಸೆಲ್ ಹೊರಗೆ ಸೋರಲ್ಲ. ಒದ್ದೆ ಹುಡುಕಿದ್ರೆ ಸಿಗಲ್ಲ.

ಹೊಸೂರುರೋಡ್_ವೈರಿಂಗ್
ಕೀ ಆಫ್ ಮಾಡಿದ ಹಾಗೆ ಪಟ್ ಅಂತ ನಿಂತಿದ್ರೆ ಸ್ಟಾಪ್ ಸೊಲೆನಾಯ್ಡ್ (ಕರೆಂಟಿಂದ ಇಂಜಿನ್ ಆಫ್ ಮಾಡೋ ಭಾಗ) ವೈರ್ ನೋಡಿ ಅಂತಿದ್ದೆ. ಆ ಟರ್ಮಿನಲ್‌ನಿಂದ ಟೆಸ್ಟ್ ಲ್ಯಾಂಪ್ ಕ್ಯಾಬಿನ್‌ಗೆ ಎಳೆದಿಟ್ರೆ ಸಾಕು, ನಿಲ್ಲೋ ಹೊತ್ತಿಗೆ ದೀಪ ಬದಲಾಯ್ತಾ ಅಂತ ಗೊತ್ತಾಗುತ್ತೆ. ಕೈಯಿಂದ ಎಳೆದು ಆಫ್ ಮಾಡೋ ಸ್ಟಾಪ್ ಕೇಬಲ್ ಇರೋ ಗಾಡಿಗೆ ಇದು ಬೇಕಿಲ್ಲ. ನಿಮ್ಮದು ಜಗ್ಗಿ ನಿಲ್ತಿದೆ, ವೈರಿಂಗ್ ಅಲ್ಲ.

ಕಲಾಸಿಪಾಳ್ಯ_ಫಿಟ್ಟರ್
ಟ್ಯಾಂಕ್ ಬದಲು ಕ್ಯಾನ್ ಹಾಕಿ ಓಡಿಸಿ ನೋಡಿ. 10 ಲೀಟರ್ ಕ್ಯಾನ್, ಶುದ್ಧ ಡೀಸೆಲ್, ಹೊಸ ಹೋಸ್ ನೇರ ಫೀಡ್ ಪಂಪ್‌ಗೆ. ರಿಟರ್ನ್ ಪೈಪೂ (ಮಿಕ್ಕ ಡೀಸೆಲ್ ವಾಪಸ್ ತರೋದು) ಕ್ಯಾನ್‌ಗೇ ಬಿಡಿ, ಇಲ್ಲಾಂದ್ರೆ ಕ್ಯಾನ್ ಬೇಗ ಖಾಲಿ. ಕ್ಯಾನನ್ನ ಟ್ಯಾಂಕ್ ಎತ್ತರದಲ್ಲೇ, ಚಾಸಿಗೆ ಬಿಗಿಯಾಗಿ ಕಟ್ಟಿ. ಮೇಲಿಟ್ರೆ ಡೀಸೆಲ್ ತಾನಾಗಿ ಇಳಿದು ಫೀಡ್ ಪಂಪ್ ಸೋತಿದ್ರೂ ಗೊತ್ತಾಗಲ್ಲ. ಕ್ಯಾಬಿನ್ ಒಳಗಂತೂ ಇಡಲೇಬೇಡಿ.

ಯಶವಂತಪುರ_ಲೋಡ್
ಮುಚ್ಚಳ ಸರಿ ಇದೆ. ಏರ್ ಸ್ಕ್ರೂನಲ್ಲಿ ನೊರೆ ಬಂತು. ಕ್ಯಾನ್ ಹಾಕಿದ್ರೆ ಅದೇ ಏರು, ಅದೇ ಲೋಡು, ಆಫ್ ಆಗಲಿಲ್ಲ.

ಪಂಪ್_ಬೆಂಚ್
ಹಾಗಾದ್ರೆ ಟ್ಯಾಂಕ್ ಒಳಗಿನ ಎಳೆಯೋ ಪೈಪ್ ಬಿಚ್ಚಿ. ಮೇಲಿನ ಬೆಸುಗೆ ಬಿಟ್ಟಿದ್ರೆ ಮುಕ್ಕಾಲು ಟ್ಯಾಂಕ್ ಇದ್ದಾಗಲೂ ಏರ್ ಎಳೀಬೇಕಿತ್ತು. ಕಾಲುಭಾಗಕ್ಕೆ ಇಳಿದಾಗ ಮಾತ್ರ ಆಗ್ತಿದೆ ಅಂದ್ರೆ ತುಕ್ಕು ಹಿಡಿದ ತೂತು ಪೈಪಿನ ಕೆಳಭಾಗದಲ್ಲಿರೋ ಸಾಧ್ಯತೆ ಹೆಚ್ಚು. ಏರಿನಲ್ಲಿ ಡೀಸೆಲ್ ಒಂದು ಕಡೆ ವಾಲಿ ಅದು ತೆರೆದುಕೊಳ್ಳುತ್ತೆ. ಕೆಳಗಿನ ಬಾಯಿ ಬಿರಡೆ ಹಾಕಿ ಮುಚ್ಚಿ, ನೀರಲ್ಲಿ ಮುಳುಗಿಸಿ, ಸೈಕಲ್ ಪಂಪಿಂದ ಮೆಲ್ಲಗೆ ಗಾಳಿ ಕೊಡಿ. ಗುಳ್ಳೆ ಎದ್ದ ಕಡೆ ತೂತು.

ಸಿಕ್ಕಿದ್ರೆ ಪೈಪ್ ಹೊಸದೇ ಹಾಕಿಸಿ. ತುದಿ ಟ್ಯಾಂಕ್ ತಳದಿಂದ ಒಂದೆರಡು ಸೆಂ.ಮೀ. ಮೇಲಿರಲಿ, ತಳದ ನೀರು, ಕೆಸರು ಎಳೀಬಾರದು. ಪೈಪಲ್ಲಿ ಗುಳ್ಳೆ ಬರದಿದ್ರೆ ಹೋಸ್ ಮತ್ತು ಬ್ಯಾಂಜೋ ಬೋಲ್ಟ್ (ಪೈಪ್ ತುದಿ ಜೋಡಿಸೋ, ಒಳಗೆ ತೂತಿರೋ ಬೋಲ್ಟ್) ನೋಡಿ. ಹೇಗಿದ್ರೂ ತಾಮ್ರದ ವಾಷರ್ ಹೊಸದು ಹಾಕಿ, ಜೆ.ಸಿ. ರಸ್ತೇಲಿ ಸಿಗುತ್ತೆ. ಟ್ಯಾಂಕಿಗೇ ಬೆಸುಗೆ ಬೇಕು ಅಂದ್ರೆ ಬರೀ ಡೀಸೆಲ್ ಖಾಲಿ ಮಾಡಿ ಹಚ್ಚಬೇಡಿ, ಒಳಗಿನ ಆವಿ ಸಿಡಿಯುತ್ತೆ. ಟ್ಯಾಂಕ್ ರಿಪೇರಿಯವರ ಹತ್ರ ತೊಳೆಸಿಯೇ ಮಾಡಿಸಿ. ಜೋಡಿಸಿದ ಮೇಲೆ ಏರ್ ತೆಗೆಯೋದು ಮೊದಲು ಫಿಲ್ಟರ್, ಆಮೇಲೆ ಪಂಪ್.