ಹಳ್ಳದ ಪಕ್ಕ ಪಲ್ಪಿಂಗ್ ಯೂನಿಟ್: ಯಾವ ಅರ್ಜಿ ಮೊದಲು? ಮಾಡಿದವರು ಹೇಳಿ

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯೋ ಪಲ್ಪಿಂಗ್ ಯೂನಿಟ್ ಹಾಕೋಣ ಅಂತಿದ್ದೇವೆ, ಮುಂದೆ ಡ್ರೈಯರ್ ಕೂಡ. ಜಾಗದ ಕೆಳಗೇ ಹಳ್ಳ, ಅದು ಹೇಮಾವತಿ ಸೇರುತ್ತೆ. ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋದು), ಪಂಚಾಯ್ತಿ, ಮಾಲಿನ್ಯ ನಿಯಂತ್ರಣ ಮಂಡಳಿ, ಕರೆಂಟಿಗೆ ಮೆಸ್ಕಾಂ, ಇಷ್ಟರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಒಟ್ಟಿಗೇ ಹಾಕಬಹುದಾ?

ಆಲ್ದೂರು ಪ್ಲಾಂಟರ್
ಮೊದಲು ತೊಟ್ಟಿ. ಪಲ್ಪಿಂಗ್ ನೀರು ಎಲ್ಲಿ ನಿಲ್ಲುತ್ತೆ ಅಂತ ಗೂಟ ಹೊಡೆಯದೆ ಯಾವ ಆಫೀಸಿನ ಮೆಟ್ಟಿಲೂ ಹತ್ತಬೇಡಿ. ನಮ್ಮ ಕನ್ಸಲ್ಟೆಂಟ್ ಕನ್ವರ್ಷನ್ ನಕ್ಷೆಯಲ್ಲಿ ಶೆಡ್ಡು, ಕಣ ಮಾತ್ರ ತೋರಿಸಿದ. ಮಂಡಳಿಗೆ ಕೊಟ್ಟ ನಕ್ಷೆಯಲ್ಲಿ ತೊಟ್ಟಿ ಪಕ್ಕದ ಸರ್ವೆ ನಂಬರಿಗೆ ಹೋಗಿತ್ತು, ಅದು ಕನ್ವರ್ಷನ್ ಆಗದ ಜಾಗ. ಅಷ್ಟೇ ಅಲ್ಲ, ಸಿಎಫ್‌ಇ (ಕಟ್ಟುವ ಮೊದಲು ಮಂಡಳಿಯಿಂದ ಪಡೆಯೋ ಸಮ್ಮತಿ) ಅರ್ಜಿಯಲ್ಲಿ ದಿನಕ್ಕೆ ಎರಡು ಟನ್ ಹಣ್ಣು ಅಂತ ಬರೆದು, ಮೆಸ್ಕಾಂಗೆ ನಾಲ್ಕು ಟನ್ನಿನ ಲೆಕ್ಕದ ಮೋಟಾರ್ ತೋರಿಸಿದ್ದ. ಯಾವುದು ನಿಜ ಅಂತ ಕೇಳಿದರು. ಫೈಲು ವಾಪಸ್. ಆ ವರ್ಷ ಅರೇಬಿಕಾ ಪೂರ್ತಿ ಸಿಪ್ಪೆ ಸಮೇತ ಚೆರ್ರಿಯಾಗಿಯೇ ಒಣಗಿತು, ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿಯ ರೇಟು ಕೈ ತಪ್ಪಿತು.

ಖರ್ಚು ಕೇಳಿ. ಕನ್ಸಲ್ಟೆಂಟ್ 65,000. ನಕ್ಷೆ ಮತ್ತೆ ಮಾಡಿಸಿದ್ದು 18,000. ತೊಟ್ಟಿ ತೋಡಿದ ಜೆಸಿಬಿ 42,000. ಒಳಗೆ ಹಾಸುವ ದಪ್ಪ ಪ್ಲಾಸ್ಟಿಕ್ ಶೀಟು 1,35,000. ಅದಕ್ಕೆ ಬೆಸುಗೆ ಹಾಕಲು ಹಾಸನದಿಂದ ಬಂದವನಿಗೆ 22,000, ಊಟ ವಸತಿ ಬೇರೆ. ಮಳೆಗಾಲದಲ್ಲಿ ದಂಡೆ ಕುಸಿದು ಶೀಟು ಒಂದು ಮೂಲೆಯಲ್ಲಿ ಹರಿಯಿತು, ಮತ್ತೆ 31,000. ಮಂಡಳಿ ಫೀಸು ಸಿಎ ಸರ್ಟಿಫಿಕೇಟಿನಲ್ಲಿರೋ ಬಂಡವಾಳದ ಮೇಲೆ ಬರುತ್ತೆ, ಇದರ ಮುಂದೆ ಅದು ಏನೂ ಅಲ್ಲ.

ಆದರೂ ಮಾಡಿದ್ದಕ್ಕೆ ನನಗೆ ಹೆಮ್ಮೆಯಿದೆ. ಸಿಪ್ಪೆ ಜರಡಿಯಲ್ಲೇ ನಿಂತು ಗೊಬ್ಬರದ ಗುಂಡಿಗೆ ಹೋಗುತ್ತೆ. ಲೋಳೆ ನೀರು ಮಾರನೇ ದಿನಕ್ಕೆ ಹುಳಿ ಬಂದು ಮೂಗಿಗೆ ಹೊಡೆಯುತ್ತೆ, ಪಿಎಚ್ ಪೇಪರ್ ಅದ್ದಿದರೆ ಕಿತ್ತಳೆ ಬಣ್ಣ. ಸುಣ್ಣ ಕದಡಿ ಹಾಕಿ ಕೋಲಿನಲ್ಲಿ ತಿರುಗಿಸ್ತಾ ಹೋದರೆ ಪೇಪರ್ ನಿಧಾನವಾಗಿ ಹಸಿರಿಗೆ ಬರುತ್ತೆ. ಅಲ್ಲಿವರೆಗೆ ನನ್ನ ಆಳುಗಳು ತೊಟ್ಟಿಯ ಗೇಟು ತೆಗೆಯಲ್ಲ.

ಹೊಳೆನರಸೀಪುರ ರೈಸ್ ಮಿಲ್
ನೀರೊಂದನ್ನೇ ಹಿಡ್ಕೊಂಡು ಕೂತರೆ ಆಗಲ್ಲ ಸಾರ್. ನಮ್ಮದು ಕುಸುಬಲಕ್ಕಿ ಮಿಲ್. ಭತ್ತ ನೆನೆಸಿದ ನೀರಿಗೆ 1974ರ ಜಲ ಕಾಯ್ದೆ, ಬಾಯ್ಲರ್ ಹೊಗೆಗೆ 1981ರ ವಾಯು ಕಾಯ್ದೆ. ಬಾಯ್ಲರ್‌ಗೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ ಬೇರೆ. ಹೊಟ್ಟಿನ ಬೂದಿ ಪಕ್ಕದ ಮನೆ ಬಟ್ಟೆ ಮೇಲೆ ಕೂತಿತು ಅಂತ ದೂರು ಹೋಗಿ ಚಿಮಣಿ ಎತ್ತರಿಸಿದೆ, 2,10,000. ಬೂದಿ ಹಿಡಿಯೋ ಸೈಕ್ಲೋನಿಗೆ 1,80,000. ಫ್ಯಾಬ್ರಿಕೇಟರ್ ಫ್ಲೇಂಜ್ ಅಳತೆ ತಪ್ಪಿಸಿ ಮತ್ತೆ 14,000 ಕಿತ್ತ. ಸುಗ್ಗಿಯಲ್ಲಿ ಮಿಲ್ ನಿಂತದ್ದರ ನಷ್ಟ ಇದರಲ್ಲಿ ಸೇರಿಲ್ಲ.

ಜಲ ಕಾಯ್ದೆ 25ನೇ ಸೆಕ್ಷನ್ ಪ್ರಕಾರ ನಾಲ್ಕು ತಿಂಗಳಲ್ಲಿ ಉತ್ತರ ಬರದಿದ್ದರೆ ಸಮ್ಮತಿ ಸಿಕ್ಕ ಹಾಗೇ. ಸುಮ್ನೆ ಹೆದರಬೇಡಿ, ಅರ್ಜಿ ಹಾಕಿ ಕೆಲಸ ಶುರು ಮಾಡಿ.

ಬೇಲೂರು ಅಕೌಂಟೆಂಟ್
ಅಣ್ಣ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅರ್ಜಿ ಎಲ್ಲ ರೀತಿಯಲ್ಲೂ ಪೂರ್ತಿ ಇದ್ದರೆ ಮಾತ್ರ ಆ ನಾಲ್ಕು ತಿಂಗಳು. ಒಂದು ದಾಖಲೆ ಕಡಿಮೆ ಅಂತ ಪತ್ರ ಬಂದರೆ ನಿಮ್ಮ ಎಣಿಕೆ ನಡೆಯಲ್ಲ. ಅದೇ ಕಾಯ್ದೆಯ 33ಎ ಸೆಕ್ಷನ್ ಓದಿದ್ದೀರಾ? ಯೂನಿಟ್ ಮುಚ್ಚಿಸಬಹುದು, ಕರೆಂಟು, ನೀರು ಕಟ್ ಮಾಡಿಸಬಹುದು. ನಮ್ಮ ಮಾವ ಯಾರದೋ ಇಂಥ ಮಾತು ನಂಬಿ ಮೆಷಿನ್ ತಂದರು. ಬ್ಯಾಂಕು ಸಿಎಫ್‌ಇ ಇಲ್ಲದೆ ಸಾಲದ ಎರಡನೇ ಕಂತು ಬಿಡಲಿಲ್ಲ. ಪ್ಯಾಕಿಂಗ್ ಬಿಚ್ಚದ ಮೆಷಿನ್ನಿಗೆ ತಿಂಗಳು ತಿಂಗಳು 38,000 ಕಂತು ಕಟ್ಟಿದೆವು. ಆ ನೋವು ನನಗೆ ಗೊತ್ತು. ಕಟ್ಟುವ ಮೊದಲು ಸಿಎಫ್‌ಇ, ಓಡಿಸುವ ಮೊದಲು ಸಿಎಫ್‌ಓ ಅಂದ್ರೆ ನಡೆಸೋಕೆ ಸಮ್ಮತಿ, ಇದರಲ್ಲಿ ಎರಡು ಮಾತಿಲ್ಲ.

ರೈಸ್ ಮಿಲ್
ಮೇಡಂ, ಮಿಲ್ ನಡೆಸಿ ನೋಡಿ, ಆಮೇಲೆ ಸೆಕ್ಷನ್ ಹೇಳಿ.

ಬೇಲೂರು ಅಕೌಂಟೆಂಟ್
ಸೆಕ್ಷನ್ ಶುರು ಮಾಡಿದ್ದು ನೀವೇ ಅಲ್ವಾ? ಅರ್ಧ ಹೇಳಿ ಬಿಟ್ಟಿರಿ, ಉಳಿದರ್ಧ ನಾನು ಹೇಳಿದೆ.

ಸಕಲೇಶಪುರ, ಹೊಳೆ ಅಂಚಿನ ಗದ್ದೆ
ಎಲ್ಲರೂ ನಿಮ್ಮ ನಿಮ್ಮ ಖರ್ಚು ಬರೀತಿದ್ದೀರಿ. ನಮ್ಮದು ಯಾರು ಬರೀತಾರೆ? ಜನವರಿ ಫೆಬ್ರವರಿಯಲ್ಲಿ ಹೊಳೆಯಲ್ಲಿ ನೀರೇ ಇರಲ್ಲ, ಅದೇ ಹೊತ್ತಿಗೆ ರೋಬಸ್ಟಾ ಪಲ್ಪಿಂಗ್ ಜೋರು. ಬೆಳಗ್ಗೆ ಎದ್ದರೆ ನೀರು ಕಂದು ಬಣ್ಣ, ಅಂಚಿನಲ್ಲಿ ನೊರೆ, ದನ ಮೂಸಿ ವಾಪಸ್ ಬರುತ್ವೆ. ಆ ಸಕ್ಕರೆ ಲೋಳೆ ಕೊಳೆಯೋವಾಗ ನೀರಿನ ಆಮ್ಲಜನಕ ಎಲ್ಲ ತಿನ್ನುತ್ತೆ, ಮೀನು ಮೇಲೆ ತೇಲುತ್ತೆ. ದನಕ್ಕೆ ಅಂತ ಬೋರ್ ತೆಗೆಸಿದೆ, ಕೇಸಿಂಗ್ ಪೈಪ್ ಸೇರಿ 1,60,000, ಮೋಟಾರಿಗೆ 48,000. ಒಂದು ತೊಟ್ಟಿ ಕಟ್ಟಿ ಹೆಮ್ಮೆ ಅನ್ನೋರಿಗೆ ಕೇಳ್ತೀನಿ, ರಾತ್ರಿ ಗೇಟು ತೆಗೆಯೋರು ಯಾರು ಹಾಗಾದ್ರೆ?

ಆಲ್ದೂರು ಪ್ಲಾಂಟರ್
ಗೌಡ್ರೆ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಕಟ್ಟಿದವನಿಗೂ ಬಿಡುವವನಿಗೂ ಒಂದೇ ಮಾತು ಹೇಳಬೇಡಿ. ನನ್ನ ತೊಟ್ಟಿ ಬಂದು ನೋಡಿ. ಹಾಗೆ ನೋಡಿದರೆ ಹೋಂಸ್ಟೇಗಳ ಶೌಚದ ನೀರು ವರ್ಷಪೂರ್ತಿ ಹಳ್ಳಕ್ಕೆ ಹೋಗುತ್ತೆ, ಅದನ್ನು ಯಾರೂ ಕೇಳಲ್ಲ.

ಕಳಸ ಹೋಂಸ್ಟೇ
ಎಲ್ಲ ಹೋಂಸ್ಟೇ ಅಂತ ಯಾಕೆ ಸೇರಿಸ್ತೀರಿ? ನಮ್ಮದು ಆರು ರೂಮು, ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಸೇರಿ 1,95,000 ಹಾಕಿದ್ದೇವೆ. ಬಿಲ್ಲು ತೋರಿಸಲಾ?

ಹೊಳೆ ಅಂಚಿನ ಗದ್ದೆ
ಬಿಲ್ಲು ನನಗೆ ಬೇಡ. ಮೇಲೆ ಯೂನಿಟ್ ಹಾಕ್ತೀನಿ ಅಂದವರಿಗೆ ಒಂದೇ ಕೇಳೋದು. ಅರ್ಜಿ ಯಾವುದಾದ್ರೂ ಮೊದಲು ಹಾಕಿ, ತೊಟ್ಟಿ ಮಾತ್ರ ನಾಲ್ಕೂ ಮನೆಯ ಹಣ್ಣು ಒಂದೇ ದಿನ ಬಂದರೂ ತುಂಬಿ ಹರಿಯದಷ್ಟು ದೊಡ್ಡದು ಮಾಡಿ.

ಮೂಡಿಗೆರೆ (ಪ್ರಶ್ನೆ ಕೇಳಿದವರು)
ನಾಲ್ಕೂ ಮನೆಯ ಹಣ್ಣು ಸೇರಿದರೆ ದಿನಕ್ಕೆ ಮೂರು ಟನ್ ದಾಟುತ್ತೆ. ನಾಳೆ ಸರ್ವೆಯರ್ ಬರ್ತಾರೆ, ತೊಟ್ಟಿ ಜಾಗವನ್ನೂ ಕನ್ವರ್ಷನ್ ನಕ್ಷೆಯಲ್ಲೇ ಸೇರಿಸಿಸ್ತೀನಿ. ಆಲ್ದೂರಿನವರೇ, ನಿಮ್ಮ ತೊಟ್ಟಿ ಉದ್ದ, ಅಗಲ, ಆಳ ಎಷ್ಟು?