ಪೆಟ್ರೋಲ್ ಕಾರಿನ ಮೈಲೇಜ್ 13ಕ್ಕೆ ಇಳಿದಿದೆ. ಓಡಿಸುವ ರೀತಿ ಬದಲಿಸಿದರೆ ಎಷ್ಟು ಉಳಿಯುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರ್ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಆರು ವರ್ಷ ಹಳೆಯದು, 58,000 ಕಿ.ಮೀ. ಓಡಿದೆ. ಮೊದಲು ಲೀಟರಿಗೆ 16 ಕೊಡುತ್ತಿತ್ತು. ಎಂಟು ತಿಂಗಳ ಹಿಂದೆ ಕೆಲಸದ ಜಾಗ ಬದಲಾಯಿತು. ಈಗ ದಿನಾ ಹೋಗಲು 17 ಕಿ.ಮೀ., ಬರಲು 17 ಕಿ.ಮೀ. ಒಂದು ಕಡೆಗೆ 14 ಸಿಗ್ನಲ್, ಮನೆ ಬಿಟ್ಟ ಕೂಡಲೇ ಒಂದು ಉದ್ದ ಏರು, ನಡುವೆ 6 ಕಿ.ಮೀ. ಖಾಲಿ ರಸ್ತೆ. ಎಷ್ಟು ಹುಷಾರಾಗಿ ಓಡಿಸಿದರೂ 13 ದಾಟುತ್ತಿಲ್ಲ. ಸರ್ವಿಸ್‌ಗೆ ಬಿಟ್ಟಿದ್ದೆ, ಎಲ್ಲ ಸರಿ ಇದೆ ಎಂದರು. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎರಡೂ ಹೊಸದು.

ನಾನು ಜೋರಾಗಿ ಓಡಿಸುವವಳಲ್ಲ. 80 ದಾಟುವುದೇ ಅಪರೂಪ. ಸಿಗ್ನಲ್ ಬಿಟ್ಟಾಗ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ನಿಧಾನಕ್ಕೆ ಹೊರಡುತ್ತೇನೆ. ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕುತ್ತೇನೆ. ನಮ್ಮ ಅಪ್ಪ ಹಾಗೇ ಮಾಡುತ್ತಿದ್ದರು, ಅವರ ಗಾಡಿಯಲ್ಲಿ ಪೆಟ್ರೋಲ್ ನಿಜಕ್ಕೂ ಉಳಿಯುತ್ತಿತ್ತು. ಎಸಿ ಆದಷ್ಟು ಹಾಕುವುದಿಲ್ಲ. ಇನ್ನೇನು ಮಾಡಬಹುದು? ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿದರೆ ಲಾಭವೋ ನಷ್ಟವೋ? ಸುಮ್ನೆ ಯಾರೋ ಹೇಳಿದ್ದಲ್ಲ, ನೀವೇ ಮಾಡಿ ನೋಡಿದ್ದನ್ನು ಹೇಳಿ, ಪ್ಲೀಸ್.

ಉತ್ತರ 1

ಮೇಡಂ, ಹನ್ನೊಂದು ವರ್ಷದಿಂದ ನಾನು ಒಂದೇ ಪೆಟ್ರೋಲ್ ಕಾರು ಓಡಿಸುತ್ತಿದ್ದೇನೆ. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಎಷ್ಟು ಲೀಟರ್, ಎಷ್ಟು ಕಿ.ಮೀ. ಅಂತ ಅದರಲ್ಲಿ ಬರೆಯುತ್ತೇನೆ. ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ. ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ನಾಳೆ ಒಂದು ಕೆಲಸ ಮಾಡಿ. ಆಫೀಸ್ ಮುಟ್ಟುವವರೆಗೆ ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಎಣಿಸಿ. ನಾನು ಮೊದಲ ಸಲ ಎಣಿಸಿದಾಗ 20 ಕಿ.ಮೀ.ಗೆ 71 ಬಂತು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಬೇಕಿರಲೇ ಇಲ್ಲ. ಮುಂದೆ ನೋಡಿ ಸ್ವಲ್ಪ ಮೊದಲೇ ಕಾಲು ತೆಗೆದಿದ್ದರೆ ಸಾಕಿತ್ತು.

ಬ್ರೇಕ್ ಯಾಕೆ ಮುಖ್ಯ ಅಂದರೆ, ಗಾಡಿಗೆ ವೇಗ ಬರಲು ನೀವು ಪೆಟ್ರೋಲ್ ಸುಟ್ಟಿರುತ್ತೀರಿ. ಬ್ರೇಕ್ ಒತ್ತಿದರೆ ಆ ವೇಗವೆಲ್ಲ ಡಿಸ್ಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ನಾನು ಲೆಕ್ಕ ಹಾಕಿದ್ದೇನೆ. ನೀವು ಕೂತ ಮೇಲೆ ಸುಮಾರು 1,050 ಕೆ.ಜಿ. ತೂಗುವ ಕಾರು ಅಂತ ಇಟ್ಟುಕೊಳ್ಳಿ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವನ್ನು ಚಕ್ರಕ್ಕೆ ಕೊಡುತ್ತದೆ ಅಂತ ಹಿಡಿಯಿರಿ. 60ರ ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 17 ಮಿ.ಲೀ. ಹೋಯಿತು. 40ರಿಂದ ನಿಲ್ಲಿಸಿದರೆ 8 ಮಿ.ಲೀ. ಅಷ್ಟೇ. ವೇಗ ಒಂದೂವರೆ ಪಟ್ಟು, ನಷ್ಟ ಎರಡು ಪಟ್ಟಿಗೂ ಮೇಲೆ. ನಿಮ್ಮದು ಎರಡೂ ಕಡೆ ಸೇರಿ 28 ಸಿಗ್ನಲ್. ಎಲ್ಲ ಕಡೆ 60ರಿಂದ ನಿಲ್ಲಿಸಿದಿರಿ ಅಂದುಕೊಂಡರೆ ದಿನಕ್ಕೆ ಅರ್ಧ ಲೀಟರ್ ಹತ್ತಿರ. 34 ಕಿ.ಮೀ.ಗೆ ನಿಮ್ಮ ಕಾರು ಕುಡಿಯುವುದೇ 2.6 ಲೀಟರ್ ಅಲ್ವಾ?

ನನ್ನ ದಾರಿಯಲ್ಲಿ ಒಂದು ಸಿಗ್ನಲ್ ಇದೆ. ತಿರುವು ದಾಟಿದೊಡನೆ ಸುಮಾರು 300 ಮೀಟರ್ ದೂರದಲ್ಲಿ ಅದರ ದೀಪ ಕಾಣುತ್ತದೆ. ಮೊದಲೆಲ್ಲ ಕೆಂಪು ಕಂಡರೂ 50ರಲ್ಲೇ ಹೋಗಿ, ಮುಂದಿನ ಗಾಡಿಯ ಹಿಂದೆ ಬ್ರೇಕ್ ಹಾಕುತ್ತಿದ್ದೆ. ಈಗ ಕೆಂಪು ಕಂಡ ಕೂಡಲೇ ಕಾಲು ತೆಗೆಯುತ್ತೇನೆ. ಗೇರ್ ಹಾಗೇ ಇರುತ್ತದೆ, ಕ್ಲಚ್ ಮುಟ್ಟುವುದಿಲ್ಲ. ಗಾಡಿ ತಾನಾಗಿ 40, 35, 30 ಅಂತ ಇಳಿಯುತ್ತಾ ಹೋಗುತ್ತದೆ. ಎಷ್ಟೋ ದಿನ ನಾನು ಹತ್ತಿರ ಬರುವ ಹೊತ್ತಿಗೆ ಹಸಿರು ಬಿದ್ದು ಮುಂದಿನವರು ಹೊರಡಲು ಶುರು ಮಾಡಿರುತ್ತಾರೆ. ಎರಡನೇ ಗೇರ್‌ಗೆ ಹಾಕಿ ಅವರ ಹಿಂದೆಯೇ ಹೋಗಿಬಿಡುತ್ತೇನೆ. ಗಾಡಿ ನಿಲ್ಲುವುದೇ ಇಲ್ಲ. ನಿಂತ ಗಾಡಿಯನ್ನು ಎಬ್ಬಿಸುವುದಕ್ಕೂ, 20ರಲ್ಲಿ ಉರುಳುತ್ತಿರುವ ಗಾಡಿಯನ್ನು ಮುಂದಕ್ಕೆ ತಳ್ಳುವುದಕ್ಕೂ ತುಂಬ ವ್ಯತ್ಯಾಸ ಇದೆ.

ನ್ಯೂಟ್ರಲ್ ಅಭ್ಯಾಸ ಮಾತ್ರ ದಯವಿಟ್ಟು ಬಿಟ್ಟುಬಿಡಿ. ನಿಮ್ಮ ಅಪ್ಪ ಓಡಿಸಿದ್ದು ಬಹುಶಃ ಕಾರ್ಬ್ಯುರೇಟರ್ (ಎಂಜಿನ್ ಎಳೆಯುವ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಸಾಧನ) ಇದ್ದ ಗಾಡಿ. ಅದರಲ್ಲಿ ಗೇರ್‌ನಲ್ಲಿ ಇಳಿದರೂ ಎಂಜಿನ್ ಒಂದಷ್ಟು ಪೆಟ್ರೋಲ್ ಎಳೆಯುತ್ತಲೇ ಇರುತ್ತಿತ್ತು. ಹಾಗಾಗಿ ಅವರು ಹೇಳಿದ್ದು ಆಗಿನ ಗಾಡಿಗೆ ಸರಿಯೇ. ನಿಮ್ಮ ಕಾರಿನಲ್ಲಿ ಇಂಜೆಕ್ಟರ್ ಇದೆ, ಅಂದರೆ ಎಂಜಿನ್ನಿನ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಸಾಧನ. ಗೇರ್‌ನಲ್ಲಿದ್ದು ಕಾಲು ಪೂರ್ತಿ ತೆಗೆದರೆ ಅದು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 1,200ರಿಂದ 1,500ರ ಆಸುಪಾಸಿಗೆ ಇಳಿದ ಮೇಲೆ ಮತ್ತೆ ಪೆಟ್ರೋಲ್ ಶುರುವಾಗುತ್ತದೆ. ನ್ಯೂಟ್ರಲ್‌ನಲ್ಲಿ ಹಾಗಲ್ಲ. ಎಂಜಿನ್ ಆಫ್ ಆಗದೆ ಇರಬೇಕಾದರೆ ಪೆಟ್ರೋಲ್ ಬೇಕೇ ಬೇಕು. ನಿಮ್ಮ ಮೀಟರ್‌ನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ಇದ್ದರೆ, ಪಕ್ಕದಲ್ಲಿ ಕೂತವರಿಗೆ ನೋಡಲು ಹೇಳಿ. ಗೇರ್‌ನಲ್ಲಿ ಕಾಲು ತೆಗೆದ ಕೂಡಲೇ ಅದು ಮೇಲಿನ ತುದಿ ಮುಟ್ಟುತ್ತದೆ. ಇನ್ನು ಉದ್ದ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಗಾಡಿಯನ್ನು ಹಿಡಿಯುವ ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು ಅದು ಕಾಯುತ್ತದೆ. ಪೆಟ್ರೋಲ್ ಮಾತು ಬಿಡಿ, ಪ್ರಾಣಕ್ಕೇ ಅಪಾಯ.

ನಿಧಾನಕ್ಕೆ ಹೊರಡುವುದರಲ್ಲೂ ಒಂದು ತಪ್ಪು ನಡೆಯುತ್ತಿದೆ. ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ತಟ್ಟೆ ಇರುತ್ತದೆ. ಕಾಲು ಹಗುರವಾಗಿ ಇಟ್ಟರೆ ಆ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ ಗಾಳಿ ಎಳೆಯಲಿಕ್ಕೇ ಕಷ್ಟಪಡುತ್ತದೆ. ಮೂಗು ಅರ್ಧ ಮುಚ್ಚಿಕೊಂಡು ಓಡಿದ ಹಾಗೆ. ಅದಕ್ಕೇ ಮೊದಲ ಗೇರ್, ಎರಡನೇ ಗೇರ್‌ನಲ್ಲಿ ತುಂಬ ಹೊತ್ತು ತೆವಳಬೇಡಿ. ಪೆಡಲ್ ಅರ್ಧದಷ್ಟು ಒತ್ತಿ, 2,000ದಿಂದ 2,500 ಆರ್‌ಪಿಎಂ ಒಳಗೆ ಮೇಲಿನ ಗೇರ್ ಹಾಕಿ, ಬೇಕಾದ ವೇಗ ಬಂದ ಮೇಲೆ ಕಾಲು ಹಗುರ ಮಾಡಿ. ಎಂಜಿನ್ ಗುಡುಗುಡು ಅಂತ ನಡುಗಿದರೆ ಮಾತ್ರ ಒಂದು ಗೇರ್ ಇಳಿಸಿ. ಆ ನಡುಕ ಎಂಜಿನ್‌ಗೆ ಒಳ್ಳೆಯದಲ್ಲ.

ಸಿಗ್ನಲ್‌ನಲ್ಲಿ ಆಫ್ ಮಾಡುವುದು ಖಂಡಿತ ಲಾಭ. ನಿಮ್ಮಷ್ಟು ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ ಸುಮಾರು 10 ಮಿ.ಲೀ. ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವುದು ಹತ್ತು ಸೆಕೆಂಡ್ ನಿಂತದ್ದಕ್ಕಿಂತ ಜಾಸ್ತಿ ಇಲ್ಲ. ಅರ್ಧ ನಿಮಿಷಕ್ಕೂ ಮೇಲೆ ನಿಲ್ಲುವುದು ಗ್ಯಾರಂಟಿ ಇದ್ದರೆ ಆಫ್ ಮಾಡಿ. ಬ್ಯಾಟರಿ ಹಳೆಯದಾಗಿದ್ದರೆ ಬೇಡ. ಗಾಡಿ ಉರುಳುತ್ತಿರುವಾಗಂತೂ ಯಾವತ್ತೂ ಕೀ ತಿರುಗಿಸಬೇಡಿ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ.

ಉತ್ತರ 2

ನಾನು ಗ್ಯಾರೇಜ್‌ನಲ್ಲಿ ಕೆಲಸ ಮಾಡುವವನು. ಮೇಲೆ ಹೇಳಿದ್ದೆಲ್ಲ ಸರಿ. ಆದರೆ 16ರಿಂದ 13ಕ್ಕೆ ಬಂದಿದೆ ಅಂದರೆ ಗಾಡಿಯನ್ನೂ ಒಂದು ಸಲ ನೋಡಬೇಕು.

ಮೊದಲು ಟೈರ್. ಬಾಗಿಲು ತೆಗೆದರೆ ಡ್ರೈವರ್ ಕಡೆಯ ಕಂಬದಲ್ಲಿ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಬರೆದಷ್ಟು ಗಾಳಿ ಇರಲಿ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಓಡಿದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ. ಟೈರ್ ಕಣ್ಣಿಗೆ ಚೆನ್ನಾಗೇ ಕಂಡರೂ ಗಾಳಿ 8–10 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಮ್ಮಿ ಇರುವುದನ್ನು ನಾನು ದಿನಾ ನೋಡುತ್ತೇನೆ.

ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ನಿಮ್ಮ ಆ 6 ಕಿ.ಮೀ. ಖಾಲಿ ರಸ್ತೆ ಇದೆಯಲ್ಲ, ಅಲ್ಲಿ ಬ್ರೇಕ್ ಜಾಸ್ತಿ ಒತ್ತದೆ ಓಡಿಸಿ ಪಕ್ಕಕ್ಕೆ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರದಿಂದ ಮಾತ್ರ ಒಲೆಯ ಹಾಗೆ ಝಳ ಬಂದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ಟೆಂಪರೇಚರ್ ಮುಳ್ಳು ಹತ್ತು ಹದಿನೈದು ನಿಮಿಷ ಓಡಿದರೂ ಮೇಲೇಳದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಹೋಗದಂತೆ ತಡೆಯುವ ವಾಲ್ವ್) ತೆರೆದೇ ಕೂತಿರಬಹುದು. ಎಂಜಿನ್ ತಣ್ಣಗಿದೆ ಅಂತ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಏರ್ ಫಿಲ್ಟರ್ ಬಗ್ಗೆ ಒಂದು ಮಾತು: ಇಂಜೆಕ್ಟರ್ ಗಾಡಿಯಲ್ಲಿ ಅದು ಕೊಳೆಯಾದರೆ ಪಿಕಪ್ ಬೀಳುತ್ತದೆ, ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ. ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುವ ಹಾಗೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಉತ್ತರ 3

ಮೊದಲನೆಯವರಿಗೆ ಒಂದು ಪ್ರಶ್ನೆ. ನಾನೂ ದೂರದಿಂದಲೇ ಕಾಲು ತೆಗೆಯಲು ನೋಡಿದ್ದೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮುಂದೆ ಸ್ವಲ್ಪ ಜಾಗ ಬಿಟ್ಟರೆ ಪಕ್ಕದಿಂದ ಯಾರಾದರೂ ನುಗ್ಗುತ್ತಾರೆ. ಮತ್ತೆ ಬ್ರೇಕ್ ಒತ್ತಲೇಬೇಕು. ಟ್ರಾಫಿಕ್‌ನಲ್ಲಿ ಇದೆಲ್ಲ ನಡೆಯುತ್ತದಾ?

ಎಸಿ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಊರೊಳಗೆ 40ರಲ್ಲಿ ಹೋಗುವಾಗ ಕಿಟಕಿ ಇಳಿಸುವುದು ಒಳ್ಳೆಯದು. ಹೆದ್ದಾರಿಯಲ್ಲಿ ಕಿಟಕಿ ಏರಿಸಿ ಎಸಿ ಹಾಕುತ್ತೇನೆ. ಬಿಸಿಲಲ್ಲಿ ನಿಂತ ಕಾರಾದರೆ ಮೊದಲು ಒಂದೆರಡು ನಿಮಿಷ ಕಿಟಕಿ ತೆಗೆದು ಓಡಿಸಿ, ಒಳಗಿನ ಬಿಸಿಗಾಳಿ ಹೋದ ಮೇಲೆ ಎಸಿ. 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ 56% ಜಾಸ್ತಿ. ನಾನು ಟಾಪ್ ಮೇಲೆ ಕ್ಯಾರಿಯರ್ ಖಾಲಿ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸಿದ್ದೆ, ಬಿಚ್ಚಿದ ಮೇಲೆ ವ್ಯತ್ಯಾಸ ಗೊತ್ತಾಯಿತು.

ಉತ್ತರ 1 ಬರೆದವರು

ನುಗ್ಗುತ್ತಾರೆ, ನಿಜ. ನುಗ್ಗಲಿ ಬಿಡಿ. ಒಬ್ಬರು ನುಗ್ಗಿದರೆ ನಾನು ಬ್ರೇಕ್ ಬದಲು ಕಾಲು ತೆಗೆಯುತ್ತೇನೆ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಜಾಗ ಸಿಗುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ಮುಟ್ಟಲು ಮೂರು ಸೆಕೆಂಡ್ ಆಗಬೇಕು, ಅಷ್ಟು ಜಾಗ ಸಾಕು. ನೋಟ ಮಾತ್ರ ಮುಂದಿನ ಗಾಡಿಯ ಬಂಪರ್ ಮೇಲಲ್ಲ, ಅದರ ಗಾಜಿನ ಮೂಲಕ ಅದರಾಚೆಯ ಗಾಡಿಯ ಬ್ರೇಕ್ ಲೈಟ್ ಮೇಲೆ ಇರಲಿ. ಹಿಂದಿನವರು ತುಂಬ ಹತ್ತಿರ ಇದ್ದರೆ ನಾನು ಬ್ರೇಕ್ ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟು ಲೈಟ್ ಹೊತ್ತಿಸುತ್ತೇನೆ. ನಾನು ನಿಧಾನಿಸುತ್ತಿದ್ದೇನೆ ಅಂತ ಅವರಿಗೆ ಗೊತ್ತಾಗಬೇಕಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಐದು ವಾರ ಬಿಟ್ಟು ಬರೆಯುತ್ತಿದ್ದೇನೆ, ಮೂರು ಟ್ಯಾಂಕ್ ಆಗಲಿ ಅಂತ ಕಾದೆ.

ಟೈರ್ ನೋಡಿಸಿದೆ. 33 ಇರಬೇಕಾದ ಕಡೆ ಹಿಂದಿನ ಎರಡೂ 25, ಮುಂದಿನದು 27. ಚಕ್ರ ಯಾವುದೂ ಬಿಸಿ ಇರಲಿಲ್ಲ. ಮುಳ್ಳೂ ಸರಿಯಾಗಿ ಏರುತ್ತಿದೆ. ಬ್ರೇಕ್ ಎಣಿಸಿದೆ. ಮೊದಲ ದಿನ 63. ನನಗೇ ನಂಬಲಾಗಲಿಲ್ಲ. ಈಗ 30ರ ಆಸುಪಾಸಿನಲ್ಲಿದೆ. ಆಫೀಸ್ ಮುಟ್ಟುವ ಸಮಯ ಮೊದಲಿನಷ್ಟೇ. ಒಂದೆರಡು ನಿಮಿಷ ಆಚೆ ಈಚೆ, ಅಷ್ಟೇ. ಬಲಗಾಲು ಮೊದಲಿನ ಹಾಗೆ ನೋಯುವುದಿಲ್ಲ.

ಮೊದಲ ಟ್ಯಾಂಕ್ 13.9 ಕೊಟ್ಟಿತು. ಎರಡನೆಯದು 14.6, ಮೂರನೆಯದು 15.1. ಒಂದೇ ಬಂಕ್, ಒಂದೇ ಪಂಪ್, ನಳಿಗೆ ಮೊದಲ ಸಲ ಟಕ್ ಅಂದಾಗಲೇ ನಿಲ್ಲಿಸಿದ್ದೇನೆ. ಕಾರಿನ ಪರದೆ ಮಾತ್ರ 16.2 ತೋರಿಸುತ್ತಿದೆ! ನಾನು ನೋಟ್‌ಬುಕ್ ಲೆಕ್ಕವನ್ನೇ ನಂಬಿದ್ದೇನೆ.

ಇನ್ನೊಂದೇ ಪ್ರಶ್ನೆ. ಮನೆ ಬಿಟ್ಟ ಕೂಡಲೇ ಏರು ಇದೆ ಅಂದಿದ್ದೆನಲ್ಲ. ಬೆಳಿಗ್ಗೆ ಆ ಮೊದಲ 2 ಕಿ.ಮೀ.ನಲ್ಲಿ ಮೀಟರ್ 6, 7 ಅಂತ ತೋರಿಸುತ್ತದೆ. ಎಂಜಿನ್ ಬಿಸಿಯಾಗಲಿ ಅಂತ ಐದು ನಿಮಿಷ ನಿಲ್ಲಿಸಿಕೊಂಡು ಆಮೇಲೆ ಹೊರಟರೆ ಒಳ್ಳೆಯದಾ?

ಉತ್ತರ 1 ಬರೆದವರು

15.1 ಓದಿ ತುಂಬ ಖುಷಿಯಾಯಿತು, ಮೇಡಂ.

ಐದು ನಿಮಿಷ ನಿಲ್ಲಿಸಬೇಡಿ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ನಿಂತಲ್ಲಿ ಅದು ಬಿಸಿಯಾಗುವುದೂ ತಡ, ಆ ಹೊತ್ತಿನ ಮೈಲೇಜ್ ಸೊನ್ನೆ. ಸ್ಟಾರ್ಟ್ ಮಾಡಿ, ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿ ಮಾಡಿ ಹೊರಡಿ, ಅಷ್ಟು ಸಾಕು. ಏರಿನಲ್ಲಿ ವೇಗ ಕಾಪಾಡಬೇಕು ಅಂತ ಪೆಡಲ್ ಪೂರ್ತಿ ಒತ್ತಬೇಡಿ. ಕಾಲು ಒಂದೇ ಸಮನೆ ಇಟ್ಟು, ವೇಗ 50ರಿಂದ 40ಕ್ಕೆ ಬಂದರೂ ಬರಲಿ ಅಂತ ಬಿಡಿ. ನೆತ್ತಿ ದಾಟಿದ ಮೇಲೆ ಇಳಿಜಾರು ಅದನ್ನು ವಾಪಸ್ ಕೊಡುತ್ತದೆ. ಏರಿನ ಆ 6, 7 ನೋಡಿ ಬೇಜಾರಾಗಬೇಡಿ, ಸಂಜೆ ಅದೇ ಏರನ್ನು ನೀವು ಗೇರ್‌ನಲ್ಲೇ ಕಾಲು ತೆಗೆದು ಇಳಿಯುತ್ತೀರಿ.

ಸಣ್ಣಪುಟ್ಟ ಕೆಲಸಕ್ಕೆ ಕಾರು ತೆಗೆಯುವುದಿದ್ದರೆ ಅದನ್ನೆಲ್ಲ ಆಫೀಸ್‌ನಿಂದ ಬರುವ ದಾರಿಗೇ ಸೇರಿಸಿಕೊಳ್ಳಿ. ಎಂಜಿನ್ ಆಗಲೇ ಬಿಸಿ ಇರುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ತೀರಾ ಕೆಟ್ಟ ಟ್ಯಾಂಕ್ ಯಾವುದು ಗೊತ್ತಾ? ಒಂದು ತಿಂಗಳು ರಜೆ ಇದ್ದಾಗ ದಿನಾ 2–3 ಕಿ.ಮೀ. ಮಾತ್ರ ಓಡಿಸಿದ್ದೆ, ರಸ್ತೆ ಎಲ್ಲ ಖಾಲಿ, ಸಿಗ್ನಲ್ಲೇ ಇಲ್ಲ. 10.8 ಬಂದಿತ್ತು.