ಕೌಟುಂಬಿಕ ಹಿಂಸೆಯ ಲೆಕ್ಕ: ಏನನ್ನು ಎಣಿಸಬೇಕು, ಅದು ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಗಂಗಾವಳಿತೀರ, ಅಂಕೋಲಾ

ಎಲ್ಲರಿಗೂ ನಮಸ್ಕಾರ. ಅಂಕೋಲಾ ಮತ್ತು ಯಲ್ಲಾಪುರ ತಾಲೂಕುಗಳ ಹಾಲಕ್ಕಿ ಹಾಗೂ ಸಿದ್ದಿ ಸಮುದಾಯಗಳ ಹೆಣ್ಣುಮಕ್ಕಳೊಂದಿಗೆ ಕೆಲಸ ಮಾಡುವ ಒಂದು ಸಣ್ಣ ಮಹಿಳಾ ಗುಂಪಿನಲ್ಲಿ ದಾಖಲೆ ಬರೆಯುವ ಕೆಲಸ ನನ್ನದು. ಮನೆಯೊಳಗಿನ ಹೊಡೆತ ತಾಳಲಾರದೆ ನಮ್ಮಲ್ಲಿಗೆ ಬಂದವರ ವಿವರಗಳನ್ನು ಇಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇವೆ. ಸಭೆಗಳಲ್ಲಿ ನಾವು ಯಾವ ಬೇಡಿಕೆ ಇಟ್ಟರೂ ಮೊದಲು ಬರುವ ಮಾತು "ಅಂಕಿ-ಅಂಶ ತನ್ನಿ" ಎಂಬುದು. ತರಲು ಹೊರಟರೆ ಸರ್ಕಾರಿ ಲೆಕ್ಕದಲ್ಲಿ ಈ ಹೆಂಗಸರು ಕಾಣುವುದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಾಲ್ಕನೇ ಸುತ್ತಿನಲ್ಲಿ ಇದು ಶೇ 20.6 ಇತ್ತು. ಆದರೆ ಈ ಪ್ರಶ್ನೆಗಳನ್ನು ಆಯ್ದ ಕೆಲವೇ ಮನೆಗಳಲ್ಲಿ ಕೇಳಿದ್ದರಿಂದ ಅಂಕಿ ರಾಜ್ಯಮಟ್ಟದಲ್ಲೇ ನಿಂತಿದೆ. ಉತ್ತರ ಕನ್ನಡ ಜಿಲ್ಲೆಯ ಹಾಳೆಯಲ್ಲಿ ಆ ಸಾಲೇ ಇಲ್ಲ, ಇನ್ನು ಹಾಲಕ್ಕಿ, ಸಿದ್ದಿ ಎಂಬ ವಿಂಗಡಣೆಯ ಮಾತು ದೂರವೇ ಉಳಿಯಿತು.

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಹಿಳೆಯರೇ ಕಟ್ಟಿಕೊಂಡ ಸಂಸ್ಥೆಗಳು ತಮ್ಮ ದಾಖಲೆಗಳನ್ನು ಇಟ್ಟುಕೊಂಡು ಸರ್ಕಾರದೊಡನೆ ವಾದಿಸುತ್ತವೆ ಎಂದು ಓದಿದ್ದೇನೆ. ಅದರಲ್ಲಿ ನಮಗೆ ಒಗ್ಗುವುದು ಎಷ್ಟು? ಇನ್ನೊಂದು ಆತಂಕವೂ ಇದೆ. ಹತ್ತಿಪ್ಪತ್ತು ಮನೆಗಳ ಕೊಪ್ಪದಲ್ಲಿ "ಮೂವತ್ತರ ಪ್ರಾಯ, ಮೂರು ಮಕ್ಕಳು, ಗಂಡ ದೋಣಿ ಕೆಲಸಕ್ಕೆ ಹೋಗುವವನು" ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತು.

ಉತ್ತರ: ಶಾಲ್ಮಲಾ, ಶಿರಸಿ (ಈಗ ಮೆಲ್ಬರ್ನ್)

ಇಲ್ಲಿ ಆರೋಗ್ಯ ಕ್ಷೇತ್ರದ ಅಂಕಿ-ಅಂಶಗಳೊಂದಿಗೆ ನನ್ನ ಕೆಲಸ. ಮೂಲನಿವಾಸಿ ಮಹಿಳೆಯರ ಪರವಾಗಿ ನಾನು ಮಾತನಾಡಲಾರೆ; ಅವರು ಬಹಿರಂಗವಾಗಿ ಹೇಳುತ್ತ ಬಂದದ್ದನ್ನು ಮಾತ್ರ ತಿಳಿಸುತ್ತೇನೆ.

ವಿಕ್ಟೋರಿಯಾ ರಾಜ್ಯದಲ್ಲಿ ಜಿರಾ ಎಂಬ ಸಂಸ್ಥೆಯಿದೆ. ಕೌಟುಂಬಿಕ ಹಿಂಸೆಗೆ ಸಿಲುಕಿದ ಮೂಲನಿವಾಸಿಗಳಿಗೆ ಕಾನೂನು ನೆರವು ಕೊಡಲು 2002ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಆಂಟೊನೆಟ್ ಬ್ರೇಬ್ರೂಕ್ ಪ್ರಮುಖರು. ಆಸ್ಟ್ರೇಲಿಯಾ ಸರ್ಕಾರದ ಆರೋಗ್ಯ ಮತ್ತು ಕಲ್ಯಾಣ ಸಂಸ್ಥೆಯ 2018ರ ವರದಿಯ ಪ್ರಕಾರ, ಕೌಟುಂಬಿಕ ಹಿಂಸೆಯಿಂದ ಆಸ್ಪತ್ರೆ ಸೇರುವ ಪ್ರಮಾಣ ಮೂಲನಿವಾಸಿ ಮಹಿಳೆಯರಲ್ಲಿ ಇತರ ಮಹಿಳೆಯರಿಗಿಂತ 32 ಪಟ್ಟು ಹೆಚ್ಚು. ಈ ಅಂಕಿಯನ್ನು ಜಿರಾದಂಥ ಸಂಸ್ಥೆಗಳೂ ಬಳಸುತ್ತವೆ, ಆದರೆ ಅದರ ಜೊತೆಗೇ ಹಿಂಸೆ ಮಾಡುವವರಲ್ಲಿ ಎಲ್ಲ ಸಮುದಾಯಗಳ ಗಂಡಸರೂ ಇದ್ದಾರೆ ಎಂದು ಒತ್ತಿ ಹೇಳುತ್ತವೆ. ಏಕೆಂದರೆ ಆ ಮಾತು ಬಿಟ್ಟುಹೋದರೆ ಅಂಕಿಯ ಕಳಂಕ ಇಡೀ ಸಮುದಾಯಕ್ಕೆ ಅಂಟಿಕೊಳ್ಳುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಬಗೆಯ ಲೆಕ್ಕ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೌಟುಂಬಿಕ ಹಿಂಸೆಯ ಸಾವುಗಳನ್ನು ಪರಿಶೀಲಿಸುವ ಮಂಡಳಿ 2016–17ರ ವರದಿಗಾಗಿ ಸತ್ತ ಮಹಿಳೆಯರ ಹಿಂದಿನ ಕಡತಗಳನ್ನು ತೆರೆದು ನೋಡಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಹಿಂದೆ ಒಮ್ಮೆಯಾದರೂ ರಕ್ಷಣಾ ಆದೇಶದ ಪ್ರಕರಣದಲ್ಲಿ ಎದುರುದಾರರೆಂದು, ಅಂದರೆ ಹಿಂಸೆ ಮಾಡಿದವರೆಂದು, ನಮೂದಿಸಲಾಗಿತ್ತು. ಮೂಲನಿವಾಸಿಗಳ ಸಾವುಗಳಲ್ಲಂತೂ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಹಾಗಾಗಿತ್ತು. ಈ ಲೆಕ್ಕ ಮಹಿಳೆಯ ಗಾಯವನ್ನು ಎಣಿಸುವುದಿಲ್ಲ, ಅವಳು ನೆರವು ಕೇಳಿದಾಗ ವ್ಯವಸ್ಥೆ ಏನು ಮಾಡಿತು ಎಂಬುದನ್ನು ಎಣಿಸುತ್ತದೆ. ಇಂಥ ಅಂಕಿಯನ್ನು ಹಿಡಿದು ಕೇಳಿದರೆ ಉತ್ತರ ಹೇಳಬೇಕಾದವರು ಯಾರು ಎಂಬುದರಲ್ಲಿ ಗೊಂದಲವಿರುವುದಿಲ್ಲ.

ಅಂಕಿ ಕೈಬಿಟ್ಟು ಹೋದರೆ ಏನಾಗುತ್ತದೆ ಎಂಬುದಕ್ಕೂ ಆಸ್ಟ್ರೇಲಿಯಾದಲ್ಲೇ ಉದಾಹರಣೆಯಿದೆ. 2007ರಲ್ಲಿ ಉತ್ತರ ಪ್ರಾಂತ್ಯದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಕುರಿತು ತನಿಖಾ ವರದಿಯೊಂದು ಬಂದಾಗ, ಕೇಂದ್ರ ಸರ್ಕಾರ ಜನಾಂಗೀಯ ತಾರತಮ್ಯ ನಿಷೇಧ ಕಾಯ್ದೆಯನ್ನೇ ಬದಿಗಿಟ್ಟು, ಸೇನೆಯ ನೆರವಿನೊಂದಿಗೆ ಮೂಲನಿವಾಸಿಗಳ ಊರುಗಳಿಗೆ ನುಗ್ಗಿ, ಅವರ ಕಲ್ಯಾಣ ವೇತನದ ಅರ್ಧ ಭಾಗವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಸಮುದಾಯಗಳೊಂದಿಗೆ ಸಮಾಲೋಚಿಸಿ ಮುಂದುವರಿಯಿರಿ ಎಂದು ಅದೇ ವರದಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಮಕ್ಕಳನ್ನು ಸರ್ಕಾರ ಕಿತ್ತುಕೊಂಡು ಹೋದ ಹಳೆಯ ನೆನಪೂ ಇರುವುದರಿಂದ, ದೂರು ಕೊಟ್ಟರೆ ಮಕ್ಕಳು ಕೈತಪ್ಪಬಹುದೆಂದು ಇಂದಿಗೂ ಹಲವು ತಾಯಂದಿರು ಬಾಯಿ ಬಿಡುವುದಿಲ್ಲ.

ಈ ಅನುಭವದಿಂದಲೇ ತಮ್ಮ ಜನರ ದತ್ತಾಂಶದ ಮೇಲೆ ತಮಗೇ ಅಧಿಕಾರವಿರಬೇಕು ಎಂಬ ಬೇಡಿಕೆ ಗಟ್ಟಿಯಾಯಿತು. 2017ರಲ್ಲಿ ಇದಕ್ಕಾಗಿಯೇ ಮೈಯಮ್ ನಾಯ್ರಿ ವಿಂಗಾರ ಎಂಬ ಮೂಲನಿವಾಸಿಗಳ ಕೂಟ ರೂಪುಗೊಂಡಿತು. ಸರ್ಕಾರದ ಲೆಕ್ಕಗಳು ಮೂಲನಿವಾಸಿಗಳಲ್ಲಿ ಕೊರತೆ ಮತ್ತು ಕೆಡುಕುಗಳನ್ನಷ್ಟೇ ಹುಡುಕುತ್ತವೆ ಎಂದು ಟಾಸ್ಮೇನಿಯಾದ ಸಮಾಜಶಾಸ್ತ್ರಜ್ಞೆ ಮ್ಯಾಗಿ ವಾಲ್ಟರ್ ವಿವರವಾಗಿ ಬರೆದಿದ್ದಾರೆ. ಸರ್ಕಾರಗಳು ಮತ್ತು ಮೂಲನಿವಾಸಿ ಸಂಸ್ಥೆಗಳ ನಡುವಿನ 2020ರ ರಾಷ್ಟ್ರೀಯ ಒಪ್ಪಂದದಲ್ಲಿ 2031ರೊಳಗೆ ಮೂಲನಿವಾಸಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಕೌಟುಂಬಿಕ ಹಿಂಸೆಯನ್ನು ಕನಿಷ್ಠ ಅರ್ಧಕ್ಕೆ ಇಳಿಸುವ ಗುರಿಯಿದೆ. ಸ್ಥಳೀಯ ಮಟ್ಟದ ದತ್ತಾಂಶವನ್ನು ಸಮುದಾಯಗಳೊಂದಿಗೆ ಹಂಚಿಕೊಳ್ಳಬೇಕೆಂಬ ಷರತ್ತೂ ಇದೆ. ಷರತ್ತು ಬರೆದುಕೊಡುವುದು ಸುಲಭ ಎಂಬುದನ್ನು ನಾವಂತೂ ಬಲ್ಲೆವು.

ಉತ್ತರ: ಕೋಡಿಬಾಗದ ವಕೀಲ, ಕಾರವಾರ

ಶಾಲ್ಮಲಾ ಅವರು ಹೇಳಿದ "ವ್ಯವಸ್ಥೆಯನ್ನು ಎಣಿಸಿ" ಎಂಬ ಮಾತಿಗೆ ನಮ್ಮ ಕಾನೂನಿನಲ್ಲೇ ಅಳತೆಗೋಲು ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಪ್ರಕಾರ ದೂರು ಬಂದಾಗ ಸಂರಕ್ಷಣಾಧಿಕಾರಿಯವರು ಕೌಟುಂಬಿಕ ಘಟನೆಯ ವರದಿಯನ್ನು ನಿಗದಿತ ನಮೂನೆಯಲ್ಲಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. 12ನೇ ಕಲಮಿನಡಿ ಪರಿಹಾರ ಕೋರಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ದಿನಾಂಕಗಳ ಅಂಕಣಗಳನ್ನು ಹಾಕಿಕೊಳ್ಳಿ: ಅವಳು ಹೇಳಿಕೊಂಡ ದಿನ, ವರದಿ ತಯಾರಾದ ದಿನ, ಮೊದಲ ವಿಚಾರಣೆ, ಮಧ್ಯಂತರ ಆದೇಶ, ಆದೇಶದ ಪ್ರತಿ ಕೈಸೇರಿದ ದಿನ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲ ಮೇಲೂ ಇರುವುದರಿಂದ, ವಿಳಂಬವಾದರೆ ಅದು ಒಬ್ಬ ಅಧಿಕಾರಿಯ ಅಸಡ್ಡೆಯೋ ಕೆಲಸದ ಹೊರೆಯೋ ಎಂಬುದು ಸಹ ಈ ದಿನಾಂಕಗಳಿಂದ ಹೊರಬೀಳುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕವನ್ನು ನಂಬಿ ಕೂರಬೇಡಿ. ಪರಿಶಿಷ್ಟ ಪಂಗಡದವರ ಮೇಲಿನ ಅಪರಾಧಗಳೆಂದು ಅದು ಕೊಡುವ ಕೋಷ್ಟಕದಲ್ಲಿ ಬರುವುದು ಆ ಪಂಗಡಗಳಿಗೆ ಸೇರದವರು ಎಸಗಿದ ಅಪರಾಧಗಳು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿ ಮಹಿಳೆಯೊಬ್ಬಳು ತನ್ನದೇ ಸಮುದಾಯದ ಗಂಡನ ಮೇಲೆ ದೂರು ಕೊಟ್ಟರೆ, ಅದು ಗಂಡ ಮತ್ತು ಸಂಬಂಧಿಕರ ಕ್ರೌರ್ಯ ಎಂಬ ಸಾಮಾನ್ಯ ಶೀರ್ಷಿಕೆಯಲ್ಲಿ ಕರಗಿಹೋಗುತ್ತದೆ. ಆ ಪಟ್ಟಿಗೇ ಸೇರದ ಹಾಲಕ್ಕಿಯವರಿಗೆ ಅಷ್ಟೂ ಜಾಗವಿಲ್ಲ.

ಒಂದು ಎಚ್ಚರಿಕೆ. ನಿಮ್ಮ ನೋಟ್‌ಬುಕ್ಕನ್ನು ನ್ಯಾಯಾಲಯ ತರಿಸಿಕೊಳ್ಳಬಹುದು. ಹೆಸರು, ವಿಳಾಸಗಳು ಒಂದು ಪುಸ್ತಕದಲ್ಲಿ, ಘಟನೆಯ ವಿವರ ಕ್ರಮಸಂಖ್ಯೆಯಡಿ ಇನ್ನೊಂದರಲ್ಲಿ ಇರಲಿ. ಎರಡೂ ಒಬ್ಬರದೇ ಚೀಲದಲ್ಲಿ ಇರದಿರಲಿ. ಕಂಡದ್ದನ್ನು, ಅವಳು ಹೇಳಿದ್ದನ್ನು ಬರೆಯಿರಿ, ನಿಮ್ಮ ತೀರ್ಮಾನಗಳನ್ನು ಬರೆಯಬೇಡಿ.

ಉತ್ತರ: ಘಟ್ಟದಮೇಲಿನವಳು, ಹಳಿಯಾಳ

ನಾನು ಸಿದ್ದಿ ಸಮುದಾಯದವಳು, ಶಾಲೆಯಲ್ಲಿ ಅಕ್ಕೋರಾಗಿ ಕೆಲಸ ಮಾಡುತ್ತೇನೆ. ವಕೀಲರ ದಿನಾಂಕದ ಅಂಕಣಗಳು ಒಳ್ಳೆಯವೇ, ಆದರೆ ಅವು ತುಂಬುವುದು ಕಚೇರಿಯ ಮೆಟ್ಟಿಲು ಹತ್ತಿದವಳ ವಿಷಯದಲ್ಲಿ ಮಾತ್ರ. ನೀವು ಹೇಳಿದ ಅದೇ ಸಮೀಕ್ಷೆಯಲ್ಲಿ, ದೇಶದಾದ್ಯಂತ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹಾಲಕ್ಕಿ ಕೊಪ್ಪಗಳಲ್ಲಿ ಜಗಳ ಮೊದಲು ಹೋಗುವುದು ಸಮುದಾಯದ ಮುಖಂಡರಾದ ಊರಗೌಡ, ಬುಧವಂತರ ಮುಂದೆ. ನಮ್ಮಲ್ಲಿ ಹಿರಿಯರ ಮುಂದೆ. ಅಲ್ಲಿ ಕುಳಿತು ತೀರ್ಮಾನ ಹೇಳುವವರು ಹೆಚ್ಚಾಗಿ ಗಂಡಸರೇ. "ಹೊಂದಿಕೊಂಡು ಹೋಗು" ಎಂದು ಅಲ್ಲಿ ಮುಗಿದ ಮಾತು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಅವಳು ಮೊದಲು ಯಾರಿಗೆ ಹೇಳಿಕೊಂಡಳು, ಅವರು ಏನೆಂದರು ಎಂಬುದಕ್ಕೂ ಒಂದು ಅಂಕಣ ಬೇಕು.

ಪತ್ರಿಕೆಗೆ ಅಂಕಿ ಕೊಡುವ ಮುನ್ನ ಇನ್ನೂ ಒಂದು ಯೋಚನೆ ಇರಲಿ. ಸಿದ್ದಿಗಳೆಂದರೆ ಕುಡುಕರು ಎಂಬ ಮಾತು ಪೇಟೆಯಲ್ಲಿ ಸಿದ್ಧವಾಗಿಯೇ ಇದೆ, ನಿಮ್ಮ ಅಂಕಿ ಅದಕ್ಕೆ ತಲೆಬರಹವಾಗಬಾರದು. ಕುಡಿತದ ಪ್ರಶ್ನೆಯನ್ನು ನಾವು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಅಂಕೋಲಾದ ಬಡಿಗೇರಿಯಲ್ಲಿ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರು ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತದ್ದನ್ನು ಈ ಜಿಲ್ಲೆಯವರೆಲ್ಲ ಬಲ್ಲರು. ಅವರು ಅದನ್ನು ಎತ್ತಿದ್ದು ತಮ್ಮೂರಿನ ಹೆಂಗಸರ ಮಾತಾಗಿ. ಹೊರಗಿನವರು ಬಂದು ಬರೆದುಕೊಂಡು ಹೋದ ಹಾಳೆಯಲ್ಲಿ ಅದೇ ಸಂಗತಿ ನಮ್ಮ ಮೇಲಿನ ದೂರಾಗುತ್ತದೆ. ಆದ್ದರಿಂದ ಅಂಕಿ ಹೊರಗೆ ಹೋಗುವ ಮೊದಲು ಆಯಾ ಸಮುದಾಯದ ಹೆಂಗಸರ ಮುಂದೆ ಓದಿ ಹೇಳಿ, ಅವರು ಬೇಡವೆಂದದ್ದನ್ನು ತೆಗೆಯಿರಿ. ಯಾವ ಪ್ರಶ್ನೆ ಕೇಳಬೇಕೆಂಬುದನ್ನೂ ಅವರನ್ನೇ ಕೇಳಿ. ನಮ್ಮೂರಿನ ಹೆಂಗಸರನ್ನು ಕೇಳಿದ್ದರೆ, ರಾತ್ರಿ ಮನೆ ಬಿಟ್ಟು ಬಂದರೆ ಮಕ್ಕಳೊಂದಿಗೆ ಎಲ್ಲಿ ಮಲಗುವುದು ಎಂಬುದೇ ಮೊದಲ ಪ್ರಶ್ನೆಯಾಗಿರುತ್ತಿತ್ತು.

ಮರುಪ್ರಶ್ನೆ: ಗಂಗಾವಳಿತೀರ

ಅಕ್ಕೋರೇ, ವಕೀಲರೇ, ಶಾಲ್ಮಲಾ ಅವರೇ, ಮೂವರಿಗೂ ಧನ್ಯವಾದಗಳು. ದಿನಾಂಕಗಳ ಅಂಕಣ, "ಮೊದಲು ಯಾರಿಗೆ ಹೇಳಿಕೊಂಡಳು" ಎಂಬ ಅಂಕಣ, ಎರಡನ್ನೂ ಸೇರಿಸುತ್ತೇವೆ. ರಾತ್ರಿ ತಂಗುವ ಜಾಗದ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿಯೇ ಇಡುವ ಯೋಚನೆಯಿದೆ. ಸಣ್ಣ ಸಂಖ್ಯೆಗಳನ್ನು ಏನು ಮಾಡಬೇಕೆಂಬುದು ಮಾತ್ರ ಉಳಿಯಿತು.

ಉತ್ತರ: ಶಾಲ್ಮಲಾ

ಐದಕ್ಕಿಂತ ಕಡಿಮೆ ಇರುವ ಯಾವ ಸಂಖ್ಯೆಯನ್ನೂ ಹೊರಗೆ ಕೊಡಬೇಡಿ, "ಐದಕ್ಕಿಂತ ಕಡಿಮೆ" ಎಂದಷ್ಟೇ ಬರೆಯಿರಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ: ಒಟ್ಟು ಮೊತ್ತವನ್ನೂ ಉಳಿದೆಲ್ಲ ಊರುಗಳ ಸಂಖ್ಯೆಯನ್ನೂ ಕೊಟ್ಟರೆ, ಮರೆಮಾಡಿದ ಒಂದು ಊರಿನ ಸಂಖ್ಯೆಯನ್ನು ಯಾರಾದರೂ ಕಳೆದು ತೆಗೆಯಬಹುದು, ಹಾಗಾಗಿ ಇನ್ನೊಂದು ಊರಿನ ಸಂಖ್ಯೆಯನ್ನೂ ಮುಚ್ಚಬೇಕಾಗುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ ಕೊಪ್ಪಗಳ ಹೆಸರನ್ನೇ ಬಿಟ್ಟು, ಎರಡು ತಾಲೂಕುಗಳನ್ನು ಸೇರಿಸಿ, ಎರಡು-ಮೂರು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಕೊಡುವುದು. ವಯಸ್ಸನ್ನು ಹತ್ತು ವರ್ಷಗಳ ಗುಂಪಿನಲ್ಲಿ ಹೇಳಿ. ಗಂಡನ ಉದ್ಯೋಗ ನಿಮ್ಮ ಯಾವ ಬೇಡಿಕೆಗೂ ಬೇಕಾಗಿಲ್ಲದಿದ್ದರೆ ಅದನ್ನು ಬರೆದುಕೊಳ್ಳಲೇಬೇಡಿ.